ನಿನ್ನ ಪುದೀನ ಚಹಾ ಕಹಿಯಾದದ್ದು ಯಾಕೆ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಬಂತು. ಮೊರಾಕ್ಕೊ ಚಹಾ ಮಾಡಿಕೊಟ್ಟರೆ ಮನೆಯವರೆಲ್ಲ ಒಂದೇ ಗುಟುಕಿಗೆ ಲೋಟ ಕೆಳಗಿಟ್ಟರು, ಕಷಾಯ ಕುಡಿದಂಗಿತ್ತು ಅಂತ ಬರೆದಿದ್ದೀಯ. ಓದಿ ಬೇಜಾರಾಯಿತು ಕಣೋ. ಅದರ ಹುಚ್ಚು ಹಿಡಿಸಿದವನು ನಾನೇ ತಾನೆ? ಎಲೆ, ಪುದೀನ, ಸಕ್ಕರೆ ಮೂರನ್ನೂ ಒಟ್ಟಿಗೆ ಹಾಕಿ ಹತ್ತು ನಿಮಿಷ ಕುದಿಸಿದೆ ಅಂದೆಯಲ್ಲ, ಕೆಟ್ಟದ್ದು ಅಲ್ಲೇ. ನೀನು ಚಹಾ ಎಲೆ ತೊಳೆಯಲೇ ಇಲ್ಲ.

ಮೊರಾಕ್ಕೊದ ಫೆಸ್ ಊರಲ್ಲಿ ನಾನು ಬಾಡಿಗೆಗಿದ್ದ ಮನೆಯ ಅಜ್ಜಿಯನ್ನು 'ಲಲ್ಲಾ' ಅಂತ ಕರೆಯುತ್ತಿದ್ದೆ, ಅಲ್ಲಿ ಹೆಂಗಸರಿಗೆ ಮರ್ಯಾದೆ ಕೊಟ್ಟು ಕರೆಯೋದು ಹಾಗೆ. ಮೊದಲ ದಿನ ಆಕೆ ನನ್ನ ಅಂಗೈಗೆ ನಾಲ್ಕು ಕಾಳು ಚಹಾ ಹಾಕಿ ತೋರಿಸಿದರು. ಕರಿಮೆಣಸಿಗಿಂತ ಚಿಕ್ಕದು, ಬೂದು ಮಿಶ್ರಿತ ಹಸಿರು. ಒಂದೊಂದು ಕಾಳೂ ಬಿಗಿಯಾಗಿ ಸುತ್ತಿದ ಎಲೆ. ಕೋವಿಮದ್ದಿನ ಹಾಗೆ ಕಾಣುತ್ತದೆಂದು ಅದಕ್ಕೆ ಗನ್‌ಪೌಡರ್ ಅಂತಲೇ ಹೆಸರು. ಬರೋದು ಚೀನಾದಿಂದ. 1853ರಿಂದ 56ರವರೆಗೆ ನಡೆದ ಕ್ರಿಮಿಯಾ ಯುದ್ಧದಲ್ಲಿ ಬಾಲ್ಟಿಕ್ ಸಮುದ್ರದ ಕಡೆಯ ವ್ಯಾಪಾರ ಕಟ್ಟಿಹೋಗಿ, ಬ್ರಿಟಿಷ್ ವರ್ತಕರು ಚಹಾವನ್ನು ಮೊರಾಕ್ಕೊದ ಟ್ಯಾಂಜಿಯರ್ ಮತ್ತು ಮೊಗದೋರ್ ಬಂದರುಗಳಲ್ಲಿ ಇಳಿಸಿದರು. ಅಲ್ಲಿಯವರೆಗೆ ದೊಡ್ಡವರ ಮನೆಯಲ್ಲಿದ್ದ ಚಹಾ ಆಮೇಲೆ ಎಲ್ಲರ ಮನೆಗೂ ಬಂತು. ಪುದೀನ ಮಾತ್ರ ಅವರ ನೆಲದ್ದೇ.

ಈಗ ಕೇಳು. ಅರ್ಧ ಲೀಟರಿಗೆ ಒಂದು ದೊಡ್ಡ ಚಮಚ ಕಾಳು ಸಾಕು. ಪುಡಿ ತುಂಬಿದ ಟೀ ಬ್ಯಾಗ್ ಬೇಡವೇ ಬೇಡ. ಕಾಳಿನ ಮೇಲೆ ಒಂದು ಚಿಕ್ಕ ಲೋಟ ಕುದಿಯುವ ನೀರು ಹೊಯ್ಯಿ, ಅಲ್ಲಾಡಿಸಬೇಡ. ಒಂದು ನಿಮಿಷ ಬಿಟ್ಟು ಮೆಲ್ಲಗೆ ಬಗ್ಗಿಸಿಕೋ. ಜೇನಿನ ಬಣ್ಣದ ಆ ನೀರನ್ನು ಚೆಲ್ಲೀಯೆ ಮತ್ತೆ! ಅದು ಚಹಾದ 'ರೂಹ್', ಆತ್ಮ. ಎತ್ತಿಡು. ಇನ್ನೊಂದು ಲೋಟ ಬಿಸಿನೀರು ಹಾಕಿ ಈ ಸಲ ಪಾತ್ರೆಯನ್ನು ಚೆನ್ನಾಗಿ ಕುಲುಕಿಸು. ಬರೋ ನೀರು ಕೆಸರಿನಂತೆ ಮಬ್ಬಾಗಿರುತ್ತದೆ. ನಿನ್ನ ಮನೆಯವರು ಕುಡಿದ ಕಹಿ ಅದೇ ಕಣೋ. ಅದನ್ನು ಚೆಲ್ಲು.

ಎತ್ತಿಟ್ಟದ್ದನ್ನು ವಾಪಸ್ ಹಾಕಿ, ಉಳಿದ ನೀರು ತುಂಬಿ ಸಣ್ಣ ಉರಿಯಲ್ಲಿಡು. ಕಾಳು ಬಿಚ್ಚಿಕೊಂಡು ಎಲೆಯಾಗಿ ಮೇಲೇಳುತ್ತದೆ. ಕುದಿ ಬಂದಮೇಲೆ ಎರಡು ನಿಮಿಷ, ಅಷ್ಟೇ. ಅಪ್ಪನಿಗೆ ಶುಗರ್ ಇದೆಯಲ್ಲ, ಅವರ ಪಾಲನ್ನು ಈಗಲೇ ಬಗ್ಗಿಸಿ ಲೋಟದಲ್ಲೇ ಒಂದು ಪುದೀನ ಕಡ್ಡಿ ಹಾಕಿಕೊಡು. ಮಿಕ್ಕದ್ದಕ್ಕೆ ಮೂರು ದೊಡ್ಡ ಚಮಚ ಸಕ್ಕರೆ. ಕೈ ಬಿಗಿ ಮಾಡಬೇಡ, ಒಗರನ್ನು ಹಿಡಿದಿಡೋದು ಆ ಸಿಹಿಯೇ.

ಪುದೀನ ಬರೋದು ಕಟ್ಟಕಡೆಗೆ, ಒಲೆ ಆರಿಸಿದ ಮೇಲೆ. ಒಂದು ದೊಡ್ಡ ಹಿಡಿ, ಕಡ್ಡಿ ಸಮೇತ. ಎಲೆ ಚಹಾದ ಮೇಲೆ ತೇಲಿದರೆ ಕಪ್ಪಾಗಿ ರುಚಿ ಕೆಡುತ್ತದೆ ಅಂತ ಲಲ್ಲಾ ಚಮಚದಿಂದ ಒತ್ತಿ ಮುಳುಗಿಸುತ್ತಿದ್ದರು. ನಮ್ಮ ಸಂತೆಯ ಪುದೀನವೇ ಆಗುತ್ತದೆ. ಪೆಪ್ಪರ್‌ಮಿಂಟ್ ಬೇಡ, ನಾಲಿಗೆ ಮರಗಟ್ಟಿಸಿಬಿಡುತ್ತದೆ.

ಆಮೇಲೆ ಒಂದು ಲೋಟ ಬಗ್ಗಿಸು, ಮತ್ತೆ ಪಾತ್ರೆಗೇ ಸುರಿ. ಹೀಗೆ ಮೂರು ಸಲ. ಸಕ್ಕರೆ ಬೆರೆಯೋದು ಹಾಗೆ, ಚಮಚ ಹಾಕಿ ಕದಡೋದಲ್ಲ. ಕೊನೆಗೆ ಲೋಟಕ್ಕೆ ಹೊಯ್ಯುವಾಗ ಕೈಯನ್ನು ಒಂದು ಮೊಳ ಮೇಲಕ್ಕೆತ್ತು. ಕಾಫಿ ಎತ್ತಿ ಸುರಿದು ನೊರೆ ಬರಿಸೋ ನಿನ್ನ ಕೈಗೆ ಇದೇನು ಕಷ್ಟ! ಇಲ್ಲಿ ಹಾಲಿಲ್ಲ, ಆದರೂ ಲೋಟದ ಅಂಚಿನ ಸುತ್ತ ಸಣ್ಣ ಗುಳ್ಳೆಗಳ ಉಂಗುರ ಕಟ್ಟುತ್ತದೆ. ಉಂಗುರ ಕಟ್ಟದಿದ್ದರೆ ಲಲ್ಲಾ ಆ ಲೋಟ ಅತಿಥಿಗೆ ಕೊಡುತ್ತಿರಲಿಲ್ಲ.

ಗನ್‌ಪೌಡರ್ ಚಹಾ ಒಂದು ಪೊಟ್ಟಣ ಈ ಪತ್ರದ ಜೊತೆಗೇ ಕಳಿಸಿದ್ದೇನೆ. ಸಂತೆಯಿಂದ ತಂದ ಪುದೀನದಲ್ಲಿ ದಪ್ಪ ಕಡ್ಡಿಗಳನ್ನು ಆರಿಸಿ ಕುಂಡದಲ್ಲಿ ಚುಚ್ಚಿಡು, ಬೇರು ಬಿಡುತ್ತದೆ. ದೀಪಾವಳಿಗೆ ನಾನು ಬರುವಷ್ಟರಲ್ಲಿ ಒಂದು ಹಿಡಿ ಚಿಗುರಿರಲಿ.

ನಿನ್ನ,
ಗೆಳೆಯ