ಕಬ್ಬಿಣದ ಅಂಕಿ ಇಳಿದರೆ ಗಾಬರಿಯಾಗಬೇಡಿ

ನಮಸ್ಕಾರ,

ಮುಂದಿನ ತಿಂಗಳಿನಿಂದ ನಮ್ಮ ಪರೀಕ್ಷಾ ಕೊಠಡಿಗೆ ನೀವು ಕಳಿಸುವ ದ್ರಾವಣಗಳಲ್ಲಿ ಕಬ್ಬಿಣ ಎಷ್ಟಿದೆ ಅಂತ ಅಳೆಯಲು ನಾವು ಪೊಟ್ಯಾಸಿಯಂ ಪರ್ಮಾಂಗನೇಟ್ ಬಿಟ್ಟು ಪೊಟ್ಯಾಸಿಯಂ ಡೈಕ್ರೋಮೇಟ್ ಬಳಸುತ್ತೇವೆ. ಕೆಲವರ ರಿಪೋರ್ಟಿನಲ್ಲಿ ಅಂಕಿ ಸ್ವಲ್ಪ ಇಳಿಯಬಹುದು. ನಿಮ್ಮ ದ್ರಾವಣ ಕೆಟ್ಟಿದೆ ಅಂತಲ್ಲ. ಇಷ್ಟು ದಿನ ನಾವೇ ಜಾಸ್ತಿ ತೋರಿಸಿದ್ದೇವೆ.

ಇದು ಗೊತ್ತಾಗಿದ್ದು ನಿಮ್ಮಲ್ಲೇ ಒಬ್ಬರಿಂದ. ಅವರು ಒಂದೇ ದ್ರಾವಣವನ್ನು ಎರಡು ಬಾಟಲಿಗೆ ಹಾಕಿ, ಒಂದಕ್ಕೆ ಸಲ್ಫ್ಯೂರಿಕ್ ಆಮ್ಲ, ಇನ್ನೊಂದಕ್ಕೆ ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿ, ಏನೂ ಹೇಳದೆ ಕಳಿಸಿದ್ದರು. ಕಬ್ಬಿಣವೆಲ್ಲ ಕ್ರಿಯೆ ಮುಗಿಸುವವರೆಗೆ ಮೊದಲನೆಯದಕ್ಕೆ ಬ್ಯುರೆಟ್ಟಿನಿಂದ (ಹನಿಹನಿಯಾಗಿ ಬಿಡುವ ಅಳತೆಯ ಕೊಳವೆ) ಪರ್ಮಾಂಗನೇಟ್ 24.80 ಮಿ.ಲೀ. ಇಳಿಯಿತು, ಎರಡನೆಯದಕ್ಕೆ 25.15. ಮೂರು ಸಲ ಮಾಡಿದರೂ ಅಷ್ಟೇ. ಕಬ್ಬಿಣ ಒಂದೇ, ಅಂಕಿ ಎರಡು!

ತಪ್ಪು ಹೈಡ್ರೋಕ್ಲೋರಿಕ್ ಆಮ್ಲದಲ್ಲಿರುವ ಕ್ಲೋರೈಡಿನದು. ತಣ್ಣಗಿನ ತೆಳು ಆಮ್ಲದಲ್ಲಿ ಪರ್ಮಾಂಗನೇಟ್ ತಾನಾಗಿ ಕ್ಲೋರೈಡಿನ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ, ಆದರೆ ಪಕ್ಕದಲ್ಲೇ ಫೆರಸ್ ಕಬ್ಬಿಣದ (ಪರ್ಮಾಂಗನೇಟ್ ಫೆರಿಕ್ ಎಂಬ ಇನ್ನೊಂದು ರೂಪಕ್ಕೆ ಬದಲಿಸುವ ಕಬ್ಬಿಣ) ಜೊತೆ ಅದರ ಕ್ರಿಯೆ ನಡೆಯುತ್ತಿದ್ದರೆ ಕ್ಲೋರೈಡನ್ನೂ ಎಳೆದುಕೊಂಡು ಕ್ಲೋರಿನ್ ಮಾಡಿಬಿಡುತ್ತದೆ, ಹಾಗೆ ಖರ್ಚಾದದ್ದನ್ನೂ ನಾವು ಕಬ್ಬಿಣದ ಲೆಕ್ಕಕ್ಕೇ ಬರೆದುಕೊಳ್ಳುತ್ತೇವೆ. ಇದನ್ನು ತಡೆಯಲು ಮ್ಯಾಂಗನೀಸ್ ಸಲ್ಫೇಟ್ ಮತ್ತು ಫಾಸ್ಫಾರಿಕ್ ಆಮ್ಲ ಇರುವ ಜಿಮ್ಮರ್‌ಮನ್-ರೈನ್‌ಹಾರ್ಟ್ ದ್ರಾವಣ ನಮ್ಮಲ್ಲಿ ಇದ್ದೇ ಇತ್ತು. ಬಾಟಲಿ ಮೇಲೆ ಆಮ್ಲದ ಹೆಸರು ಇದ್ದಾಗ ಮಾತ್ರ ಹಾಕುತ್ತಿದ್ದೆವು. ಇಲ್ಲದಾಗ ಕೇಳುತ್ತಿರಲಿಲ್ಲ. ಅದು ನಮ್ಮ ಸೋಮಾರಿತನ, ಕ್ಷಮಿಸಿ.

ಇನ್ನು ಮೇಲೆ ಕೇಳಿಕೊಂಡು ಮುಂದುವರಿಯಬಹುದಿತ್ತು ಅಲ್ವಾ? ಬಹುದಿತ್ತು. ಆದರೆ ಪರ್ಮಾಂಗನೇಟ್ ಸುಮ್ನೆ ಇಟ್ಟರೂ ನಿಧಾನವಾಗಿ ಒಡೆಯುತ್ತದೆ, ಬೆಳಕು ಬಿದ್ದರೆ ಇನ್ನೂ ಬೇಗ. ಕಂದು ಬಾಟಲಿಯಲ್ಲಿಟ್ಟು, ಆಗಾಗ ಸೋಡಿಯಂ ಆಕ್ಸಲೇಟ್ ಎದುರು ಅದರ ಶಕ್ತಿ ಅಳೆಯುತ್ತಲೇ ಇರಬೇಕು. ಡೈಕ್ರೋಮೇಟಿಗೆ ಈ ರಗಳೆ ಇಲ್ಲ. ಶುದ್ಧ ಪುಡಿಯನ್ನು ಒಣಗಿಸಿ, 4.903 ಗ್ರಾಂ ತೂಗಿ, 1 ಲೀಟರಿಗೆ ಕರಗಿಸಿದರೆ 0.1 ನಾರ್ಮಲ್ (ದ್ರಾವಣದ ಶಕ್ತಿಯ ಅಳತೆ) ದ್ರಾವಣ ಸಿದ್ಧ, ಮುಚ್ಚಿಟ್ಟರೆ ಬಹಳ ಕಾಲ ಹಾಗೇ ಇರುತ್ತದೆ. ತೆಳು ಹೈಡ್ರೋಕ್ಲೋರಿಕ್ ಆಮ್ಲ ಇದ್ದರೂ ಕ್ಲೋರೈಡನ್ನು ಮುಟ್ಟುವುದಿಲ್ಲ.

ನಷ್ಟವೂ ಇದೆ. ಪರ್ಮಾಂಗನೇಟ್ ತನ್ನ ಬಣ್ಣದಿಂದಲೇ ಕೊನೆಯನ್ನು ಹೇಳುತ್ತಿತ್ತು, ಒಂದು ಹನಿ ಹೆಚ್ಚಾದರೆ ತಿಳಿ ಗುಲಾಬಿ, ಮುಗಿಯಿತು. ಡೈಕ್ರೋಮೇಟಿನಲ್ಲಿ ಫ್ಲಾಸ್ಕ್ ಹಸಿರಾಗುತ್ತಾ ಹೋಗುತ್ತದೆ, ಆ ಹಸಿರಿನಲ್ಲಿ ಬೇರೇನೂ ಕಾಣುವುದಿಲ್ಲ, ಅದಕ್ಕೇ ಡೈಫಿನೈಲ್‌ಅಮೀನ್ ಸಲ್ಫೋನೇಟ್ ಹಾಕಿ ನೇರಳೆ ಬಣ್ಣಕ್ಕೆ ಕಾಯಬೇಕು. ಜೊತೆಗೆ ಫಾಸ್ಫಾರಿಕ್ ಆಮ್ಲವೂ ಬೇಕು. ಅದು ಫೆರಿಕ್ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳದಿದ್ದರೆ ನೇರಳೆ ಮೊದಲೇ ಕಾಣಿಸಿಕೊಂಡು ಅಂಕಿ ಕಡಿಮೆ ಬರುತ್ತದೆ. ಡೈಕ್ರೋಮೇಟ್ ವಿಷ ಬೇರೆ. ಉಳಿದದ್ದನ್ನು ಸಿಂಕಿಗೆ ಸುರಿಯುವ ಹಾಗಿಲ್ಲ, ಕಡಿಮೆ ವಿಷದ ಕ್ರೋಮಿಯಂ(III) ಮಾಡಿ ಗಸಿಯಾಗಿಸಿ ಬೇರೆ ತೆಗೆದಿಡಬೇಕು. ಆ ಕೆಲಸ ನಮ್ಮದು ಬಿಡಿ.

ಲೆಕ್ಕ ಮಾತ್ರ ಹಳೆಯದೇ. 0.1 ನಾರ್ಮಲ್ ದ್ರಾವಣದ 1 ಮಿ.ಲೀ. ಅಂದರೆ 5.585 ಮಿ.ಗ್ರಾಂ ಕಬ್ಬಿಣ. ನೀವು ಕೊಟ್ಟದ್ದರಲ್ಲಿ 25 ಮಿ.ಲೀ. ತೆಗೆದುಕೊಂಡು 24.80 ಮಿ.ಲೀ. ಇಳಿದರೆ 138.5 ಮಿ.ಗ್ರಾಂ, ಅಂದರೆ ಲೀಟರಿಗೆ 5.54 ಗ್ರಾಂ. ಇನ್ನು ಮೇಲೆ ಬ್ಯುರೆಟ್ಟಿನ ಅಂಕಿಯನ್ನೂ ರಿಪೋರ್ಟಿನಲ್ಲಿ ಬರೆಯುತ್ತೇವೆ, ನೀವೇ ಗುಣಿಸಿ ನೋಡಿ.

ನಿಮ್ಮಿಂದ ಬೇಕಾದದ್ದು ಸ್ವಲ್ಪವೇ. ಯಾವ ಆಮ್ಲ ಹಾಕಿದ್ದೀರಿ ಅಂತ ಬಾಟಲಿ ಮೇಲೆ ಬರೆಯಿರಿ. ನೈಟ್ರಿಕ್ ಆಮ್ಲ ಬೇಡ, ದಾರಿಯಲ್ಲೇ ಫೆರಸ್ ಫೆರಿಕ್ ಆಗಿಬಿಡಬಹುದು. ಗಾಳಿಯೂ ಅದೇ ಕೆಲಸ ಮಾಡುವುದರಿಂದ ಬಾಟಲಿಯನ್ನು ಬಾಯಿವರೆಗೆ ತುಂಬಿಸಿ ಬಿಗಿಯಾಗಿ ಮುಚ್ಚಿ. ಫೆರಸ್ ಮಾತ್ರ ಬೇಕೋ ಒಟ್ಟು ಕಬ್ಬಿಣ ಬೇಕೋ ಅಂತಲೂ ಹೇಳಿ, ಒಟ್ಟು ಬೇಕಾದರೆ ಫೆರಿಕ್ಕನ್ನು ಮೊದಲು ಫೆರಸ್ ಮಾಡಿಯೇ ಅಳೆಯುತ್ತೇವೆ.

ಹೈಡ್ರೋಕ್ಲೋರಿಕ್ ಆಮ್ಲದ ಹಳೆಯ ಸ್ಯಾಂಪಲ್ ನಿಮ್ಮ ಹತ್ತಿರ ಉಳಿದಿದ್ದರೆ ಹಳೆಯ ರಿಪೋರ್ಟಿನ ಜೊತೆ ಕಳಿಸಿ. ಒಟ್ಟು ಕಬ್ಬಿಣವನ್ನು ದುಡ್ಡಿಲ್ಲದೆ ಮತ್ತೆ ಅಳೆದುಕೊಡುತ್ತೇವೆ. ಫೆರಸ್ ಅಂಕಿ ಮಾತ್ರ ಈಗ ಸಿಗುವುದಿಲ್ಲ, ಇಷ್ಟು ದಿನದಲ್ಲಿ ಗಾಳಿ ತನ್ನ ಪಾಲು ತೆಗೆದುಕೊಂಡಿರುತ್ತದೆ.

ಇಂತಿ,
ನಿಮ್ಮ ಪರೀಕ್ಷಾ ಕೊಠಡಿಯವರು