ಎಕೋ ಯಂತ್ರದ ಅಂಕಿಯಷ್ಟೇ ಸಾಲದು

ಮಾನ್ಯ ಸಂಪಾದಕರೇ,

ಅಲ್ಟ್ರಾಸೌಂಡ್‌ನಿಂದ ಹೃದಯದ ಚಿತ್ರ ತೆಗೆಯುವ ಎಕೋ ಪರೀಕ್ಷೆಗೆ ಕೃತಕ ಬುದ್ಧಿಮತ್ತೆ ಬರುತ್ತಿರುವುದನ್ನು ಎಕೋ ತಂತ್ರಜ್ಞೆಯಾದ ನಾನು ಮನಸಾರೆ ಸ್ವಾಗತಿಸುತ್ತೇನೆ. ಅಮೆರಿಕದ ಸೀಡರ್ಸ್-ಸಿನಾಯ್ ಆಸ್ಪತ್ರೆಯಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕೃತಕ ಬುದ್ಧಿಮತ್ತೆಯ ಯಂತ್ರ ಮೊದಲು ಅಳೆದ ವರದಿಗಳ ಪೈಕಿ ಶೇ 16.8ರಷ್ಟನ್ನು ಹೃದ್ರೋಗ ತಜ್ಞರು ಗಣನೀಯವಾಗಿ ತಿದ್ದಿದರು; ನಮ್ಮಂಥ ತಂತ್ರಜ್ಞರು ಅಳೆದವುಗಳಲ್ಲಿ ಶೇ 27.2ರಷ್ಟನ್ನು. ಯಾವುದು ಯಾರ ಅಳತೆಯೆಂದು ತಜ್ಞರಿಗೆ ತಿಳಿಸಿರಲಿಲ್ಲ. ಹಾಗಾಗಿ ಈ ಫಲಿತಾಂಶಕ್ಕೆ ಬೆಲೆ ಇದೆ.

ಆದರೆ ಅಲ್ಲಿ ಅಳೆದದ್ದು ಒಂದೇ ಸಂಗತಿ: ಎಡ ಹೃತ್ಕುಕ್ಷಿ (ಹೃದಯದ ಕೆಳಗಿನ ಎಡ ಕೋಣೆ) ಪ್ರತಿ ಬಡಿತಕ್ಕೆ ಎಷ್ಟು ಪಾಲು ರಕ್ತವನ್ನು ಹೊರದೂಡುತ್ತದೆ ಎಂಬುದು. ಬಾಲ್ಯದಲ್ಲಿ ಗಂಟಲಿನ ಸೋಂಕಿನ ಬೆನ್ನಿಗೆ ಬಂದ ರುಮ್ಯಾಟಿಕ್ ಜ್ವರದಿಂದ ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟ ಕಿರಿದಾದ ಯುವತಿಯರು ನಮ್ಮಲ್ಲಿಗೆ ಇಂದಿಗೂ ಬರುತ್ತಾರೆ. ಹಲವರಿಗೆ ಏದುಸಿರು ಶುರುವಾಗುವುದೇ ಬಸುರಿಯಾದ ಮೇಲೆ. ಅವರಲ್ಲಿ ಆ ಅಂಕಿ ಶೇ 60ರ ಆಸುಪಾಸಿನಲ್ಲಿ, ಆರೋಗ್ಯವಂತರಂತೆಯೇ ಇರಬಹುದು. ದಪ್ಪಗಟ್ಟಿದ ಕವಾಟದ ಅಂಚು, ಹಿಗ್ಗಿದ ಎಡ ಹೃತ್ಕರ್ಣ (ಮೇಲಿನ ಎಡ ಕೋಣೆ), ರಕ್ತದ ವೇಗ ಅಳೆಯುವ ಡಾಪ್ಲರ್ ವಿಧಾನ ತೋರಿಸುವ ರಕ್ತದ ರಭಸ, ರೋಗ ಕಾಣುವುದು ಇವುಗಳಲ್ಲಿ. ‘ಶೇ 60, ಸಹಜ’ ಎಂಬ ಚೀಟಿ ಕೊಟ್ಟು ಆಕೆಯನ್ನು ಮನೆಗೆ ಕಳುಹಿಸಿದರೆ, ಹೆರಿಗೆಯ ಹೊತ್ತಿಗೆ ಶ್ವಾಸಕೋಶದಲ್ಲಿ ನೀರು ತುಂಬಿ ಪ್ರಾಣಕ್ಕೇ ಕುತ್ತು ಬರಬಹುದು.

ತಾಲ್ಲೂಕು ಆಸ್ಪತ್ರೆಗಳಿಗೆ ಇಂಥ ತಂತ್ರಾಂಶ ಕೊಳ್ಳುವ ಮುನ್ನ ಸರ್ಕಾರ ಅದನ್ನು ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಂಥ ಕಡೆ, ನಮ್ಮದೇ ಕವಾಟ ರೋಗಿಗಳ ಚಿತ್ರಗಳ ಮೇಲೆ ಪರೀಕ್ಷಿಸಿ ಫಲಿತಾಂಶವನ್ನು ಬಹಿರಂಗಪಡಿಸಲಿ. ಯಂತ್ರ ಏನೇನನ್ನು ನೋಡಿಲ್ಲ ಎಂಬುದು ಪ್ರತಿ ವರದಿಯಲ್ಲೂ ಕನ್ನಡದಲ್ಲಿ ಅಚ್ಚಾಗಿರಲಿ.

– ಎಕೋ ತಂತ್ರಜ್ಞೆ, ಹಾಸನ