ತುಮೇವೊ ಹಾಕಿದ ಮತ ಎಲ್ಲಿ ಹೋಯಿತು?

ಮಾನ್ಯ ಸಂಪಾದಕರೇ,

ಲೂಕಿನೊ ವಿಸ್ಕೊಂತಿ ನಿರ್ದೇಶಿಸಿದ 1963ರ ‘ಇಲ್ ಗತ್ತೊಪಾರ್ದೊ’, ಅಂದರೆ ‘ದಿ ಲೆಪರ್ಡ್’ ಚಿತ್ರದ ಬಗ್ಗೆ ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಎರಡು ಸಲ ಓದಿದೆ. ಅರವತ್ತು ವರ್ಷ ದಾಟಿದ ಇಟಲಿಯ ಚಿತ್ರಕ್ಕೆ ಕನ್ನಡ ಪತ್ರಿಕೆಯೊಂದು ಇಡೀ ಪುಟ ಕೊಟ್ಟದ್ದು ಸಂತೋಷದ ಸಂಗತಿ. ಆದರೆ ಲೇಖಕರು ಆ ಚಿತ್ರವನ್ನು ಅಳಿಯುತ್ತಿರುವ ದೊರೆತನಕ್ಕಾಗಿ ಸುರಿಸಿದ ಕಣ್ಣೀರೆಂದು ಕರೆದು, ಎಲ್ಲವೂ ಇದ್ದ ಹಾಗೆಯೇ ಉಳಿಯಬೇಕಾದರೆ ಎಲ್ಲವೂ ಬದಲಾಗಬೇಕು ಎಂಬ ಪ್ರಸಿದ್ಧ ಮಾತನ್ನು ಚಿತ್ರದ ನಾಯಕ, ಸಿಸಿಲಿ ದ್ವೀಪದ ಸಲೀನಾ ಮನೆತನದ ದೊರೆ ಫಾಬ್ರಿಜಿಯೊನ ನಂಬಿಕೆಯೆಂದು ತೀರ್ಮಾನಿಸಿದ್ದಾರೆ. ಇವೆರಡನ್ನೂ ನಾನು ಒಪ್ಪಲಾರೆ.

ಆ ಮಾತನ್ನು ಆಡುವವನು ದೊರೆಯಲ್ಲ, ಅವನ ಸೋದರಳಿಯ ತಂಕ್ರೇದಿ. ಇಟಲಿಯನ್ನು ಒಂದುಗೂಡಿಸಲು ಹೊರಟ ಕ್ರಾಂತಿಕಾರಿ ಗರಿಬಾಲ್ಡಿ ಸಿಸಿಲಿಗೆ ಬಂದಿಳಿದ 1860ರಲ್ಲಿ, ದೊರೆ ಗಡ್ಡ ಹೆರೆದುಕೊಳ್ಳುತ್ತಿರುವಾಗ ಕನ್ನಡಿಯಲ್ಲಿ ಆ ಹುಡುಗನ ಮುಖ ಮೂಡುತ್ತದೆ. ಅವನು ಮೊದಲು ಕ್ರಾಂತಿಯ ಸೇನೆ ಸೇರುತ್ತಾನೆ, ಗಾಳಿ ತಿರುಗಿದೊಡನೆ ಹೊಸ ರಾಜನ ಸೈನ್ಯದ ಸಮವಸ್ತ್ರ ತೊಡುತ್ತಾನೆ, ಕೊನೆಗೆ ಹೊಸ ಶ್ರೀಮಂತ ದೊನ್ ಕಲೊಜೆರೊನ ಮಗಳ ಕೈ ಹಿಡಿಯುತ್ತಾನೆ. ದೊರೆ ಇದಕ್ಕೆಲ್ಲ ನೆರವಾಗುತ್ತಾನೆ ನಿಜ. ಆದರೆ ಹೊಸ ಸರ್ಕಾರದ ರಾಜಧಾನಿ ತೂರಿನ್‌ನಿಂದ ಬಂದ ಅಧಿಕಾರಿ ಸೆನೆಟ್ ಸದಸ್ಯತ್ವವನ್ನು ಮುಂದಿಟ್ಟಾಗ ಅದನ್ನು ನಿರಾಕರಿಸಿ, ಕಲೊಜೆರೊನ ಹೆಸರನ್ನು ಸೂಚಿಸುತ್ತಾನೆ. ಜಾಣನೊಬ್ಬನ ಲೆಕ್ಕಾಚಾರವನ್ನು ಚಿತ್ರದ ತತ್ವವೆಂದು ಓದಿದರೆ ಈ ನಿರಾಕರಣೆಗೆ ಅರ್ಥವೇ ಉಳಿಯುವುದಿಲ್ಲ.

ಲೇಖನದಲ್ಲಿ ಒಂದು ಸಲವೂ ಕಾಣಿಸದ ಹೆಸರು ಚಿಚ್ಚೊ ತುಮೇವೊನದು. ಅವನು ದೊನ್ನಾಫುಗಾತಾ ಊರಿನ ಚರ್ಚಿನಲ್ಲಿ ಆರ್ಗನ್ ನುಡಿಸುವ ಬಡವ, ದೊರೆಯ ಬೇಟೆಯ ಜೊತೆಗಾರ. ಇಟಲಿಯ ಏಕೀಕರಣಕ್ಕೆ ಒಪ್ಪಿಗೆಯೇ ಎಂದು ಕೇಳಿ ನಡೆದ ಜನಮತದಲ್ಲಿ, ತನ್ನ ಮನೆಯವರಿಗೆ ಹಳೆಯ ರಾಜಮನೆತನ ಮಾಡಿದ ಉಪಕಾರವನ್ನು ನೆನೆದು ಅವನು ‘ಇಲ್ಲ’ ಎಂದು ಮತ ಹಾಕುತ್ತಾನೆ. ಮೇಯರ್ ಆಗಿರುವ ಕಲೊಜೆರೊ ಫಲಿತಾಂಶ ಓದುತ್ತಾನೆ. ಚಿತ್ರಕ್ಕೆ ಆಧಾರವಾದ, ಲಾಂಪೆದೂಸಾ ಬರೆದ ಅದೇ ಹೆಸರಿನ ಕಾದಂಬರಿ ಕೊಡುವ ಲೆಕ್ಕ ಹೀಗಿದೆ: ಮತದಾರರು 515, ಮತ ಹಾಕಿದವರು 512, ‘ಹೌದು’ 512, ‘ಇಲ್ಲ’ ಸೊನ್ನೆ. ಮರುದಿನಗಳಲ್ಲಿ ಬೇಟೆಗೆ ಹೋದಾಗ, ತಾನು ಕರಿದು ಎಂದದ್ದನ್ನು ಬಿಳಿದು ಮಾಡಿಬಿಟ್ಟರೆಂದು ಆ ಮುದುಕ ದೊರೆಯ ಮುಂದೆ ಸಿಟ್ಟಿನಿಂದ ಕುದಿಯುತ್ತಾನೆ. ಹೊಸ ರಾಷ್ಟ್ರ ಹುಟ್ಟಿದ ಗಳಿಗೆಯಲ್ಲೇ ಜನರ ನಂಬಿಕೆಯ ಕತ್ತು ಹಿಸುಕಲಾಯಿತು ಎಂಬ ಅರಿವು ದೊರೆಗೆ ಬರುವುದು ಇಲ್ಲಿ. ಗೆದ್ದೇ ಗೆಲ್ಲುತ್ತಿದ್ದ ಮತದಾನದಲ್ಲಿ ಆ ಒಂದೇ ಒಂದು ‘ಇಲ್ಲ’ವನ್ನು ಎಣಿಸಿದ್ದರೆ ಯಾರ ಗಂಟು ಹೋಗುತ್ತಿತ್ತು? ನನ್ನ ದೃಷ್ಟಿಯಲ್ಲಿ ಈ ಚಿತ್ರದ ಎದೆಬಡಿತ ಇರುವುದು ನೃತ್ಯದ ಸಭಾಂಗಣದಲ್ಲಲ್ಲ, ಈ ಬೇಟೆಯ ಗುಡ್ಡದಲ್ಲಿ.

ಲಾಂಪೆದೂಸಾ ತೀರಿಕೊಂಡ ಮರುವರ್ಷ, 1958ರಲ್ಲಿ ಪ್ರಕಟವಾದ ಕಾದಂಬರಿ ದೊರೆಯ ಸಾವನ್ನೂ ದಾಟಿ 1910ರವರೆಗೆ ಸಾಗುತ್ತದೆ. ವಿಸ್ಕೊಂತಿ ಆ ಕೊನೆಯ ಅಧ್ಯಾಯಗಳನ್ನು ಕೈಬಿಟ್ಟು, ಸುಮಾರು ಮುಕ್ಕಾಲು ಗಂಟೆಯ ನೃತ್ಯಕೂಟದೊಂದಿಗೆ ಚಿತ್ರ ಮುಗಿಸಿದ್ದನ್ನು ಲೇಖಕರು ವೈಭವದ ಮೋಹ ಎಂದಿದ್ದಾರೆ. ಆದರೆ ಆ ಬೆಳಗಿನ ಜಾವ ಕೇಳಿಬರುವ ಗುಂಡಿನ ಸದ್ದನ್ನು ಅವರು ಮರೆತಿದ್ದಾರೆ. ಸೈನ್ಯ ಬಿಟ್ಟು ಗರಿಬಾಲ್ಡಿಯನ್ನು ಸೇರಿದ್ದ ಸೈನಿಕರನ್ನು ಹೊಸ ಸರ್ಕಾರ ಕೊಲ್ಲಿಸುತ್ತಿರುವ ಸದ್ದು ಅದು. ಗಾಡಿಯಲ್ಲಿ ಕುಳಿತ ಕಲೊಜೆರೊನಿಗೆ ಅದರಿಂದ ನೆಮ್ಮದಿಯಾಗುತ್ತದೆ. ದೊರೆ ಒಬ್ಬನೇ ಕತ್ತಲ ಓಣಿಯೊಳಗೆ ನಡೆದುಹೋಗುತ್ತಾನೆ. ಸ್ವತಃ ಸಿರಿವಂತ ಕುಲೀನ ಮನೆತನದಲ್ಲಿ ಹುಟ್ಟಿ ಕಮ್ಯುನಿಸ್ಟನಾದ ವಿಸ್ಕೊಂತಿ ಹಳಬರ ವೈಭವವನ್ನೂ ಹೊಸಬರ ಕ್ರೌರ್ಯವನ್ನೂ ಒಂದೇ ರಾತ್ರಿಯಲ್ಲಿ ಇಟ್ಟು ತೋರಿಸಿದ ಬಗೆ ಇದು.

ಕಲಬುರಗಿಯವನಾದ ನನಗೆ ಇದು ದೂರದ ಕತೆ ಎನ್ನಿಸುವುದಿಲ್ಲ. ನಮ್ಮ ಮುತ್ಯಾ ಜಾಗೀರೊಂದರ ವಾಡೆಯಲ್ಲಿ ಉರ್ದುವಿನಲ್ಲಿ ಲೆಕ್ಕ ಬರೆಯುತ್ತಿದ್ದರು. ನಿಜಾಮರ ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಮರುವಾರವೇ, ಅದುವರೆಗೆ ರೂಮಿ ಟೋಪಿ ತೆಗೆಯದಿದ್ದ ಕಾರಭಾರಿ ಗಾಂಧಿ ಟೋಪಿ ಹಾಕಿಕೊಂಡು ಮೆರವಣಿಗೆಯ ಮುಂದೆ ನಿಂತಿದ್ದನ್ನು ಅವರು ಸಾಯುವವರೆಗೆ ಹೇಳುತ್ತಿದ್ದರು. 1949ರಲ್ಲಿ ಜಾಗೀರು ರದ್ದಾಯಿತು. ನಿಜಾಮರೇ 1950ರಿಂದ 1956ರವರೆಗೆ ರಾಜಪ್ರಮುಖರಾಗಿ, ಅಂದರೆ ರಾಜ್ಯಪಾಲರಿಗೆ ಸಮನಾದ ಹುದ್ದೆಯಲ್ಲಿ ಮುಂದುವರಿದರು. ನಿಜಾಮರ ಆಳ್ವಿಕೆಯಿಂದ, ರಜಾಕಾರರ ಹಾವಳಿಯಿಂದ ಬಿಡುಗಡೆ ಸಿಕ್ಕಿದ್ದು ದೊಡ್ಡ ಸಂಗತಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಬೆನ್ನಿಗೇ ಕಲಬುರಗಿ, ಬೀದರ್ ಜಿಲ್ಲೆಗಳಲ್ಲೂ ನಡೆದ ಮುಸ್ಲಿಮರ ಹತ್ಯೆಗಳನ್ನು ದಾಖಲಿಸಿದ, ಕೇಂದ್ರ ಸರ್ಕಾರವೇ ಕಳಿಸಿದ್ದ ಸುಂದರಲಾಲ್ ಸಮಿತಿಯ ವರದಿ ದಶಕಗಳ ಕಾಲ ಬೆಳಕಿಗೆ ಬರಲಿಲ್ಲ. ಆ ಬಿಡುಗಡೆಯ ದಿನವಾದ ಸೆಪ್ಟೆಂಬರ್ 17ರಂದು ಪ್ರತಿ ವರ್ಷ ಧ್ವಜಕ್ಕೆ ವಂದಿಸುವಾಗ, ಸೊನ್ನೆ ಎಂದು ಬರೆದ ಆ ಒಂದು ಮತ ನನಗೆ ನೆನಪಾಗುತ್ತದೆ.

ಲೇಖಕರು ನೋಡಿದ್ದು ಅಮೆರಿಕದಲ್ಲಿ ಬಿಡುಗಡೆಯಾದ, ವಿಸ್ಕೊಂತಿಯೇ ತನ್ನದಲ್ಲವೆಂದ 161 ನಿಮಿಷದ ಪ್ರತಿಯಾಗಿದ್ದರೆ, ದಯವಿಟ್ಟು ಮೂರು ಗಂಟೆಗೂ ಮೀರಿದ ಇಟಾಲಿಯನ್ ಪ್ರತಿಯನ್ನು ನೋಡಿ ಮತ್ತೊಮ್ಮೆ ಬರೆಯಲಿ. ಆ ಬರಹದಲ್ಲಿ ತುಮೇವೊನಿಗೂ ಒಂದಿಷ್ಟು ಜಾಗ ಸಿಗಲೆಂದು ಕೋರುತ್ತೇನೆ.

ಇತಿಹಾಸದ ನಿವೃತ್ತ ಉಪನ್ಯಾಸಕ, ಕಲಬುರಗಿ